ಮಾತಾಡದ ಮುಂದಿನ ಗಾಲಿ

ರೊಟ್ಟಿ ಮಾಡಲು ಕುಳಿತರೆ ಪರಾತವೇ ಇರಲಿಲ್ಲ. ಒಲೆಯ ಹಿಂದೆ ನೋಡಿದೆ, ಬೀಸುಕಲ್ಲಿನ ಪಕ್ಕ ನೋಡಿದೆ, ಹಿತ್ತಲಿನ ಬಾನಿಯೊಳಗೂ ಇಣುಕಿದೆ. ಕೊನೆಗೆ ಅಂಗಳಕ್ಕೆ ಬಂದರೆ, ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಪರಾತದ ತುಂಬ ಚಿಮಣಿ ಎಣ್ಣೆ. ಅದರೊಳಗೆ ದಪ್ಪ ಕಡಗದಂಥ ಕಬ್ಬಿಣದ ಸಾಮಾನು ಮುಳುಗಿಸಿಕೊಂಡು, ಕೂಸಿಗೆ ಎರೆಯುವಷ್ಟು ಅಕ್ಕರೆಯಿಂದ ನಮ್ಮವರು ತಿಕ್ಕುತ್ತಿದ್ದರು.

“ಅದು ಹಿಟ್ಟು ನಾದೋ ಪರಾತ ರೀ,” ಎಂದೆ.

“ಗೊತ್ತೈತಿ. ಅದಕ್ಕ ತೊಗೊಂಡೀನಿ. ಅಗಲ ಐತಿ, ಏನ ಬಿದ್ರೂ ಕಾಣತೈತಿ.”

“ಬೂದಿ ಹಚ್ಚಿ ತಿಕ್ಕಿದ್ರೂ ಈ ವಾಸನಿ ಹೋಗಂಗಿಲ್ಲ. ನಾಳೆ ರೊಟ್ಟಿ ತಿಂದು ತೇಗಿದ್ರ ಲಾರಿ ತೇಗಿದಂಗ ಆಕೈತಿ, ನೋಡ್ರಿ.”

“ಆಗ್ಲಿ ಬಿಡು. ಲಾರಿಗೆ ಹಸಿವಾದಾಗ ಎರಡು ರೊಟ್ಟಿ ಹಾಕೂಣು,” ಎಂದು ನಕ್ಕರು.

ಆ ನಗು ಒಂದಿಲ್ಲದಿದ್ದರೆ ನಮ್ಮವರಂಥ ಗಂಡ ಸಿಂಧನೂರಿನಲ್ಲೇ ಇರಲಿಲ್ಲ. ಎಲ್ಲಿ ನಗಬಾರದೋ ಅಲ್ಲೇ ಅವರಿಗೆ ನಗು ಬರುತ್ತಿತ್ತು. ಅದರಿಂದಲೇ ನನ್ನ ಬಸುರಿನ ದಿನಗಳಲ್ಲಿ ನಾನು ಎರಡು ಹಟಮಾರಿ ಗಂಡಸರ ನಡುವೆ ಸಿಕ್ಕಿಹಾಕಿಕೊಂಡೆ.

ನಿಜಾಮರ ಕಾಲ ಅದು. ನಮ್ಮ ಕಡೆಗೆ ಕಾಲುವೆ ನೀರು ಬರುವುದು ಇನ್ನೂ ದೂರದ ಮಾತಾಗಿತ್ತು. ಕಣ್ಣು ಹಾಯಿಸಿದಷ್ಟೂ ಎರೆಹೊಲ, ಜೋಳ, ಹತ್ತಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಆ ಮಣ್ಣು, ಮಳೆಗಾಲದಲ್ಲಿ ಮೆಟ್ಟಿದವರ ಚಪ್ಪಲಿಯನ್ನು ವಾಪಸು ಕೊಡುತ್ತಿರಲಿಲ್ಲ. ಲಡಾಯಿ ನಡೆದಾಗ ಪಲ್ಟನ್ನಿನಲ್ಲಿ ಡ್ರೈವರಾಗಿದ್ದ ನಮ್ಮವರು, ಲಡಾಯಿ ಮುಗಿದ ಮೇಲೆ ಪಲ್ಟನ್ನಿನವರು ಹರಾಜು ಹಾಕಿದ ಒಂದು ಲಾರಿ ತಂದರು. ಎಲ್ಲ ಲಾರಿಯಂಥದಲ್ಲ ಅದು. ಉಳಿದವುಗಳಲ್ಲಿ ಇಂಜಿನ್ನು ಹಿಂದಿನ ಗಾಲಿಯನ್ನಷ್ಟೇ ತಿರುಗಿಸುತ್ತದೆ, ಮುಂದಿನವು ಸುಮ್ಮನೆ ಉರುಳುತ್ತವೆ. ಇದರಲ್ಲಿ ಮುಂದಿನ ಗಾಲಿಗಳೂ ದುಡಿಯುತ್ತಿದ್ದವು. ಒಂದು ಕೋಲು ಎಳೆದರೆ ಸಾಕು, ನಾಲ್ಕೂ ಗಾಲಿ ಮಣ್ಣಿಗೆ ಉಗುರು ಹಾಕಿ ಏಳುತ್ತಿದ್ದವು. ಸಿಂಧನೂರಿನಿಂದ ಮಸ್ಕಿ, ಲಿಂಗಸೂಗೂರಿನ ತನಕ ಸಡಕಿನಲ್ಲಿ ಬೇರೆ ಮೋಟಾರುಗಳು ಹೂತು ಕುಳಿತ ದಿನಗಳಲ್ಲೂ ಇವರ ಲಾರಿ ಹತ್ತಿಯ ಅಂಡಿಗೆ ಹೊತ್ತು, ಅದರ ಮೇಲೆ ಜನರನ್ನು ಹೊತ್ತು, ಗೊರಕೆ ಹೊಡೆಯುತ್ತ ಹೋಗುತ್ತಿತ್ತು.

ಲಾರಿ ಬಂದ ಹೊಸದರಲ್ಲಿ ಮಾವನಿಗೆ ತೋರಿಸಿ ಬರೋಣವೆಂದು ನನ್ನನ್ನೂ ಕೂರಿಸಿಕೊಂಡು ನನ್ನ ತವರೂರು ಗುರುಗುಂಟಾಕ್ಕೆ ಹೊರಟರು. ಊರ ಹೆಬ್ಬಾಗಿಲಾದ ಅಗಸಿಯಲ್ಲಿ ನನ್ನ ಅಪ್ಪ ಬಂಡಿ ಹೊಡೆದುಕೊಂಡು ಎದುರಿಗೆ ಬಂದ. ಶರಣು ಹೇಳುವ ಹುರುಪಿನಲ್ಲಿ ಇವರು ಹಾರನ್ನು ಒತ್ತಿದರು. ಅದು ಪಲ್ಟನ್ನಿನ ಹಾರನ್ನು, ಕೋಣ ಒದರಿದಂತೆ ಒದರಿತು. ಎತ್ತುಗಳು ಬೆದರಿ ಸಡಕು ಬಿಟ್ಟವು, ಬಂಡಿ ಬೇಲಿಗೆ ನುಗ್ಗಿತು, ಅಪ್ಪ ಹೋಗಿ ತಿಪ್ಪೆಯಲ್ಲಿ ಕುಳಿತ. ಪೆಟ್ಟೇನೂ ಆಗಲಿಲ್ಲ. ಅಗಸಿಯ ಕಟ್ಟೆಯ ಮೇಲಿದ್ದ ಜನರೆಲ್ಲ ಬಾಯಿಗೆ ಸೆರಗು, ರುಮಾಲು ಹಿಡಿದುಕೊಂಡು ಸುಮ್ಮನಿದ್ದರು. ನಮ್ಮವರು ಮಾತ್ರ ನಕ್ಕುಬಿಟ್ಟರು. ಸೊಂಟದ ತನಕ ತಿಪ್ಪೆಯಲ್ಲಿ ಕುಳಿತ ಮನುಷ್ಯ ಮೊದಲು ರುಮಾಲು ಸರಿಮಾಡಿಕೊಂಡರೆ ಯಾರಿಗೆ ತಾನೆ ನಗು ತಡೆಯುತ್ತದೆ. ಆದರೂ ಅಳಿಯನಾದವನು ತಡೆದುಕೊಳ್ಳಬೇಕಿತ್ತು.

“ಈ ದೆವ್ವ ಇನ್ನ ನಮ್ಮ ಅಗಸಿ ದಾಟಬಾರದು,” ಎಂದ ಅಪ್ಪ. “ಲಾರಿ ಬ್ಯಾಡಾದ ಊರಿಗೆ ನಾನೂ ಬ್ಯಾಡ,” ಎಂದರು ಇವರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು.

ನನ್ನ ಕುಬಸ, ಅಂದರೆ ಸೀಮಂತ, ಮುಗಿದಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಮಗು ಹುಟ್ಟಿದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗಂಡ ಮಾವನ ಮನೆಗೆ ಬರಬೇಕು. ಇವರು ಬರದಿದ್ದರೆ ಹೇಗೆ ಎಂಬ ಒಂದೇ ಚಿಂತೆ ನನ್ನನ್ನು ತಿನ್ನುತ್ತಿತ್ತು. ತಂದೆ ಬದುಕಿರುವಾಗಲೇ ತಂದೆಯಿಲ್ಲದ ತೊಟ್ಟಿಲು ಅಂತ ಗುರುಗುಂಟಾದ ಹೆಂಗಸರು ಸೋಬಾನೆ ಹಾಡುತ್ತಲೇ ಪಿಸುಗುಟ್ಟುತ್ತಾರೆ. ಅದನ್ನು ನೆನೆಸಿಕೊಂಡರೆ ನನಗೆ ಅಳುವೂ ಬರುತ್ತಿತ್ತು, ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅಂತಲೂ ಅನ್ನಿಸುತ್ತಿತ್ತು.

ಪರಾತ ಹೋದ ದಿನವೇ ಅಪ್ಪ ನನ್ನನ್ನು ಕರೆಯಲು ಬಂದ. ಅವನು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಬಂಡಿಯ ಗಾಲಿ ಅಚ್ಚಿನ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಅದು ಕಳಚದ ಹಾಗೆ ತುದಿಗೆ ಕಡಾಣಿ ಎಂಬ ಕಬ್ಬಿಣದ ಗೂಟ ಹಾಕಿರುತ್ತಾರೆ. ನಡೆಯುವಾಗ ಗಾಲಿ ಒಳಗೂ ಹೊರಗೂ ಸರಿದಾಡಿ ಆ ಕಡಾಣಿಗೆ ಬಡಿಯುತ್ತದೆ. ಎಷ್ಟು ಸಡಿಲ ಬಿಡಬೇಕು, ಸಪ್ಪಳ ಹೇಗೆ ಬರಬೇಕು ಎಂಬುದರಲ್ಲಿ ನಮ್ಮ ಕಡೆಯ ಬಂಡಿಯವರಿಗೆ ಭಾರಿ ಹೆಮ್ಮೆ. ಅಪ್ಪನ ಬಂಡಿ ‘ಗಡಕ್-ಗಡ, ಗಡಕ್-ಗಡ’ ಎನ್ನುತ್ತಿತ್ತು. ಊರಲ್ಲಿ ಬೇರೆ ಯಾವ ಬಂಡಿಯೂ ಹಾಗೆ ಎನ್ನುತ್ತಿರಲಿಲ್ಲ. ಅಂದು ಬೆಳಿಗ್ಗೆ ನಮ್ಮ ಓಣಿಯ ತಿರುವಿನಲ್ಲಿ ಆ ಸಪ್ಪಳ ಕೇಳಿದ ಕೂಡಲೇ ನಾನು ಚಿಮಣಿ ಎಣ್ಣೆಯ ಸಿಟ್ಟನ್ನೆಲ್ಲ ಮರೆತು ಬಾಗಿಲಿಗೆ ಓಡಿದೆ.

ಅಪ್ಪ ಎತ್ತು ಬಿಚ್ಚಿ, ಕಾಲು ತೊಳೆದು, ನೀರು ಕುಡಿದು ಕಟ್ಟೆಯ ಮೇಲೆ ಕುಳಿತ. ಎದುರಿಗೇ ಲಾರಿ, ಮುಂದಿನ ಗಾಲಿಗಳೆರಡೂ ಇಲ್ಲದೆ ಮರದ ದಿಮ್ಮಿಗಳ ಮೇಲೆ ನಿಂತಿತ್ತು.

“ಏನಾತವ್ವ ಇದಕ್ಕ? ಮೊಣಕಾಲು ಹೋಗ್ಯಾವೇನು?” ಎಂದು ಅಪ್ಪ ನನ್ನನ್ನು ಕೇಳಿದ.

ನಾಲ್ಕು ಮಾರು ದೂರದಲ್ಲೇ ಕುಳಿತಿದ್ದ ಇವರು ನನಗೆ ಹೇಳಿದರು, “ನಿಮ್ಮಪ್ಪಗ ಹೇಳು. ಮಸ್ಕಿ ಹಳ್ಳ ದಾಟಿಸುವಾಗ ಗಾಲಿಯ ಗುಂಬದೊಳಗ ನೀರು ಹೊಕ್ಕೈತಿ. ಗ್ರೀಸು ಮಜ್ಜಿಗಿ ಆಗೈತಿ. ತೊಳದು ಹೊಸದು ತುಂಬಾಕತ್ತೀನಿ.”

“ಕೇಳಿಸ್ತು,” ಎಂದ ಅಪ್ಪ, ನನಗೆ. “ನಿಮ್ಮ ಯಜಮಾನರಿಗೆ ಹೇಳವ್ವ, ಬಂಡಿ ಹಳ್ಳದಾಗ ಹುಟ್ಟಿ ಹಳ್ಳದಾಗ ಬೆಳದ್ರೂ ಅದರ ಎಣ್ಣಿ ಮಜ್ಜಿಗಿ ಆಗಂಗಿಲ್ಲ.”

ದಿನವಿಡೀ ಹೀಗೆಯೇ ನಡೆಯಿತು. ನಡುವೆ ಕುಳಿತು ಎಡಕ್ಕೂ ಬಲಕ್ಕೂ ತಲೆ ತಿರುಗಿಸಿ ತಿರುಗಿಸಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಹೇಳಿದ್ದನ್ನು ನಾನು ಮತ್ತೆ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ನಾನು ಎದ್ದು ಒಳಗೆ ಹೋದರೆ ಇಬ್ಬರೂ ಮಾತು ನಿಲ್ಲಿಸಿ ನಾನು ಬರುವ ತನಕ ಕಾಯುತ್ತಿದ್ದರು.

ಗಾಲಿಯ ನಡುವಿನ ಗುಂಬ ಎಂದರೆ ಬಂಡಿಯ ಗಾಲಿಗೆ ಗುಂಬ ಇರುವಂತೆಯೇ, ಕಬ್ಬಿಣದ್ದು. ಅದರ ಒಳಗೆ ಹಿಂದೊಂದು ಮುಂದೊಂದು ಬೇರಿಂಗು. ಬೇರಿಂಗಿನ ತುಂಬ ಸಣ್ಣ ಸಣ್ಣ ಉರುಳೆಗಳು. ಲಾರಿಯ ಭಾರವೆಲ್ಲ ಅವುಗಳ ಬೆನ್ನ ಮೇಲೆ. ಗುಂಬದ ನಟ್ಟನಡುವೆ ಇಂಜಿನ್ನಿನ ಕಡೆಯಿಂದ ಒಂದು ಸರಳು ಬಂದು ಹೊರಗಿನ ಮುಚ್ಚಳವನ್ನು ಹಿಡಿದುಕೊಂಡು ಗಾಲಿಯನ್ನು ತಿರುಗಿಸುತ್ತದೆ. ಇದನ್ನೆಲ್ಲ ನಮ್ಮವರು ನನಗೆ ಹೇಳಿದರು, ಅಂದರೆ ಅಪ್ಪನಿಗೆ ಹೇಳಿದರು.

ಬೇರಿಂಗುಗಳನ್ನು ತೊಳೆದು ಒಣಗಿಸಿದ ಮೇಲೆ ಗ್ರೀಸು ತುಂಬುವ ಕೆಲಸ ನನಗೆ ಬಂತು. ಮೇಲೆ ಮೇಲೆ ಬಳಿದರೆ ಆಗುವುದಿಲ್ಲ. ಅಂಗೈಯಲ್ಲಿ ಒಂದು ಮುದ್ದೆ ಗ್ರೀಸು ಇಟ್ಟುಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು; ಉರುಳೆಗಳ ಸಂದಿನಿಂದ ಅದು ಆ ಕಡೆಗೆ ಹೊರಬರುವ ತನಕ ಬಿಡಬಾರದು. ಎಣ್ಣೆಗಾಯಿಗೆ ಬದನೆಕಾಯಿ ತುಂಬಿ ರೂಢಿಯಿದ್ದ ನನಗೆ ಅದೇನು ಮಹಾ ಕಷ್ಟವೆನಿಸಲಿಲ್ಲ. ಇವರು ಒಂದು ಮುಗಿಸುವುದರೊಳಗೆ ನಾನು ಎರಡು ಮುಗಿಸಿ ಮುಂದಿನದಕ್ಕೆ ಕೈ ಚಾಚಿದೆ.

ಒಳಗಿನಿಂದ ನಮ್ಮ ಅತ್ತೆ ಬಂದು ನೋಡಿ ಮೂಗಿಗೆ ಸೆರಗು ಹಿಡಿದರು. “ಅದರಾಗ ಯಾವ ಪ್ರಾಣಿ ಕೊಬ್ಬು ಐತೋ ಯಾರಿಗೆ ಗೊತ್ತು. ಆ ಕೈಲೆ ನನ್ನ ರೊಟ್ಟಿ ಮುಟ್ಟಬ್ಯಾಡ, ಹೇಳೀನಿ.”

“ಹಂಗಾರ ರೊಟ್ಟಿ ನೀವ ಮಾಡ್ರಿ ಅತ್ತಿ, ನನಗ ಪರಾತರ ಎಲ್ಲೈತಿ,” ಎಂದೆ. ಪರಾತದ ಸಿಟ್ಟು ಇನ್ನೂ ಒಂಚೂರು ಉಳಿದಿತ್ತು.

ಗುಂಬದ ಹಿಂಬದಿಗೆ ಉಣ್ಣೆಯ ಒಂದು ಬಳೆ ಇರುತ್ತದೆ. ಗ್ರೀಸು ಹೊರಗೆ ಹೋಗದಂತೆ, ನೀರು ಒಳಗೆ ಬಾರದಂತೆ ಅದು ತಡೆಯಬೇಕು. ಹಳೆಯದು ಕೊಳೆತುಹೋಗಿತ್ತು. ಇವರು ಅಪ್ಪನ ಹೆಗಲ ಮೇಲಿದ್ದ ಹೊಸ ಕರಿ ಕಂಬಳಿಯ ಕಡೆಗೆ ನೋಡಿದರು.

“ನಿಮ್ಮಪ್ಪನ್ನ ಕೇಳು, ಕಂಬಳಿ ಮೂಲಿ ಒಂದೀಟು ಕೊಡ್ತಾರೇನು.”

“ನಿಮ್ಮ ಯಜಮಾನರಿಗೆ ಹೇಳವ್ವ, ಕಂಬಳಿ ಇರೋದು ಮನಿಷ್ಯಾರಿಗೆ. ಲಾರಿಗೆ ಚಳಿ ಹತ್ತಿದ್ರ ಬಿಸಲಾಗ ನಿಂದರಿಸಲಿ.”

“ಅಪ್ಪಾ, ನಾಳೆ ಅದರಾಗ ಕೂಡಾಕಿ ನಾನು,” ಎಂದೆ. ಅಪ್ಪ ಕುಡುಗೋಲು ಕೇಳಿ ಇಸಿದುಕೊಂಡು, ಕಂಬಳಿಯ ಮೂಲೆಯನ್ನು ತಾನೇ ಅಳತೆ ಹಿಡಿದು ದುಂಡಗೆ ಕೊಯ್ದ. ಅಳತೆ ಸರಿಯಾಗಿತ್ತು. ಇವರು ಅದನ್ನು ಎಣ್ಣೆಯಲ್ಲಿ ನೆನೆಸಿ ಗುಂಬದಲ್ಲಿ ಕೂರಿಸಿದರು.

ನಾಳೆ ನಾನು ಲಾರಿಯಲ್ಲಿ ಕೂರುವುದು ಸುಮ್ಮನೆ ಗೊತ್ತಾದ ಮಾತಲ್ಲ. ಬಸುರಿಯನ್ನು ಲಾರಿಯಲ್ಲಿ ಕುಲುಕಿಸಬಾರದು ಎಂದು ಅಪ್ಪ, ಬಂಡಿಯಲ್ಲಿ ಅಷ್ಟು ದೂರ ಜಗ್ಗಾಡಿಸಬಾರದು ಎಂದು ಇವರು, ಇಬ್ಬರೂ ನನ್ನ ಮೂಲಕವೇ ನನ್ನ ಹೊಟ್ಟೆಯ ಬಗ್ಗೆ ವಾದ ಮಾಡಿದ್ದರು. ಕೊನೆಗೆ ನಾನೇ ತೀರ್ಮಾನ ಹೇಳಿದೆ. ಮಸ್ಕಿಯ ತನಕ ಲಾರಿ, ಮಸ್ಕಿಯಿಂದ ಮುಂದೆ ಬಂಡಿ. ಅಪ್ಪ ನಸುಕಿನಲ್ಲೇ ಬರಿಬಂಡಿ ಹೊಡೆದುಕೊಂಡು ಮುಂದೆ ಹೋಗಿರಬೇಕು. ಇಬ್ಬರಿಗೂ ಅರ್ಧ ಗೆದ್ದಂತಾಯಿತು, ಇಬ್ಬರೂ ಮುಖ ಊದಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ಗುಂಬ ಮೊದಲು ಕೂತಿತು. ಇವರು ಗಾಲಿ ಏರಿಸಿ, ಒಂದು ಕೈಯಿಂದ ಅದನ್ನು ತಿರುಗಿಸುತ್ತ ಇನ್ನೊಂದು ಕೈಯಿಂದ ಒಳಗಿನ ದೊಡ್ಡ ನಟ್ಟನ್ನು ಪಾನಾ ಹಾಕಿ ಬಿಗಿದರು. ಗಾಲಿ ಬಿಗಿಹಿಡಿದಾಗ ಒಂಚೂರೇ ಚೂರು ಹಿಂದಕ್ಕೆ ಬಿಟ್ಟರು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದರು, ಕದಲಲಿಲ್ಲ. ಸುಮ್ಮನೆ ತಿರುವಿದರೆ ಸಪ್ಪಳವಿಲ್ಲದೆ ತಿರುಗಿತು. ಮುಖದಲ್ಲಿ ಮದುವೆಯ ದಿನವೂ ಕಾಣದ ತೃಪ್ತಿ ಇತ್ತು.

“ಮೂಕ ಆತಲ್ಲ ಗಾಲಿ,” ಎಂದ ಅಪ್ಪ. ಇದನ್ನು ಯಾರಿಗೂ ಹೇಳಲಿಲ್ಲ.

ಅದರ ಮೇಲೆ ಬೀಗದ ನಟ್ಟು, ಹೊರಗಿನ ಮುಚ್ಚಳ ಹಾಕುವುದು ಉಳಿದಿತ್ತು. ಊಟ ಮಾಡಿ ಹಾಕುತ್ತೇನೆಂದು ಇವರು ಕೈ ತೊಳೆದು ಒಳಗೆ ಬಂದರು. ಅಪ್ಪ ಅಳಿಯನ ಪಂಕ್ತಿಯಲ್ಲಿ ಕೂರದೆ ಮೊದಲೇ ಉಂಡಿದ್ದ. ನಾನು ಮಜ್ಜಿಗೆ ತರಲು ಎದ್ದಾಗ ಬಾಗಿಲಿನಿಂದ ನೋಡಿದೆ. ಅಪ್ಪ ಆ ಎಡಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ಲಾರಿಯ ಮೇಲೆ ಪ್ರೀತಿ ಹುಟ್ಟಿತೇನೋ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಊಟವಾದ ಮೇಲೆ ಇವರು ಬೀಗದ ನಟ್ಟು, ಮುಚ್ಚಳ ಹಾಕಿ ಬಲಗಾಲಿಯ ಕೆಲಸಕ್ಕೆ ಕೈ ಹಚ್ಚಿದರು.

ಮರುದಿನ ಅಪ್ಪ ಕೋಳಿ ಕೂಗುವಾಗಲೇ ಬಂಡಿ ಹೂಡಿದ. ನಾವು ಬಿಸಿಲೇರಿದ ಮೇಲೆ ಹೊರಟೆವು. ಅತ್ತೆ ಲಾರಿಗೂ ನನಗೂ ದೃಷ್ಟಿ ತೆಗೆದರು, ರೊಟ್ಟಿ ಬುತ್ತಿಯನ್ನು ಮಡಿಲಲ್ಲಿಟ್ಟರು. ಹಿಂದಿನ ರಾತ್ರಿ ಮಳೆ ಬಿದ್ದು ಸಡಕು ಕೆಸರಾಗಿತ್ತು. ನಮ್ಮವರು ಆ ಕೋಲು ಎಳೆದರು, ಮುಂದಿನ ಗಾಲಿಗಳು ಕೆಲಸಕ್ಕೆ ನಿಂತವು. ಅವರು ಸೀಟಿ ಹಾಕುತ್ತ ಹೊಡೆಯುತ್ತಿದ್ದರು. ನನಗೂ ಹಿತವೆನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮಸ್ಕಿಯ ಗುಡ್ಡ ದೂರದಲ್ಲಿ ಕಾಣುವ ಹೊತ್ತಿಗೆ ನನ್ನ ಕಿವಿಗೆ ‘ಗಡಕ್-ಗಡ, ಗಡಕ್-ಗಡ’ ಬಿತ್ತು.

“ಅಪ್ಪನ ಬಂಡಿ ಇಲ್ಲೇ ಎಲ್ಲೋ ಐತಿ,” ಎಂದೆ.

ನಿಜ, ತಿರುವು ದಾಟಿದರೆ ಮುಂದೆ ಅಪ್ಪನ ಬಂಡಿ ಹೊರಟಿತ್ತು. “ಹಾರನ್ನು ಒತ್ತಬ್ಯಾಡ್ರಿ ಮತ್ತ,” ಎಂದೆ. ಇವರು ಒತ್ತಲಿಲ್ಲ, ಆದರೆ ದಾಟುವಾಗ ಬಂಡಿಯ ಕಡೆ ನೋಡದೆ ಮೀಸೆ ತಿರುವಿದರು. ಅಪ್ಪ ನಮ್ಮ ಮುಖ ನೋಡಲಿಲ್ಲ. ಎಡಗಡೆಯ ಗಾಲಿಯನ್ನು ನೋಡಿದ, ನೋಡಿ ತಲೆದೂಗಿದ.

ಬಂಡಿ ಹಿಂದೆ ಬಿತ್ತು. ಸಪ್ಪಳ ಹಿಂದೆ ಬೀಳಲಿಲ್ಲ. ನಮ್ಮ ಜೊತೆಗೇ ಬರುತ್ತಿತ್ತು, ನನ್ನ ಕಾಲ ಕೆಳಗಿನಿಂದಲೇ ಬರುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ ಅದು, ನಾನು ತಪ್ಪುವುದಿಲ್ಲ. ಹಿಂದಿನ ದಿನ ಗಾಲಿಯ ಮುಂದೆ ಕುಳಿತು ಕೈ ಒರೆಸಿಕೊಳ್ಳುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದ. ಅಯ್ಯೋ ನನ್ನಪ್ಪಾ, ಎಂದು ಒಳಗೇ ನಕ್ಕೆ. ಅಷ್ಟರಲ್ಲಿ ಇವರ ಕೈಯಲ್ಲಿದ್ದ ಚಕ್ರ ನಡುಗತೊಡಗಿತು. ಲಾರಿ ನಿಲ್ಲಿಸಿ ಇಳಿದರು. ಗುಂಬ ಹಂಚಿನಷ್ಟು ಸುಡುತ್ತಿತ್ತು, ನೀರು ಚಿಮುಕಿಸಿದರೆ ಚುಂಯ್ ಎಂದಿತು.

ಜಾಕು ಹಚ್ಚಿ ಗಾಲಿ ಎತ್ತಿ ಅಲ್ಲಾಡಿಸಿದರು. ತೂಗುವ ತೊಟ್ಟಿಲಿನ ಹಾಗೆ ಅಲ್ಲಾಡಿತು. ಅವರ ಮುಖ ನೋಡಿ ನನ್ನ ನಗುವೆಲ್ಲ ಇಂಗಿಹೋಯಿತು. “ನನ್ನ ಕೈಲೆ ಬಿಗದೀನಿ. ನಿನ್ನ ಕೂಡಿಸಿಕೊಂಡು ಬರಬೇಕಂತ ಎರಡೆರಡು ಸಲ ನೋಡೀನಿ. ಗಾಲಿ ಕಳಚಿ ಬಿದ್ದಿದ್ರ ಏನ ಗತಿ ಇತ್ತ,” ಎಂದು ನೆಲ ನೋಡುತ್ತ ಕುಳಿತರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೇಳದಿದ್ದರೆ ಇವರು ಕುಗ್ಗುತ್ತಾರೆ, ಹೇಳಿದರೆ ತೊಟ್ಟಿಲಿಗೆ ಬರುವ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೂ ತಪ್ಪು ಮಾಡದವರು ಹಾಗೆ ತಲೆ ತಗ್ಗಿಸಿ ಕೂರುವುದನ್ನು ನೋಡಲು ನನ್ನಿಂದ ಆಗಲಿಲ್ಲ.

“ನೀವು ಬಿಗದದ್ದು ಸರಿ ಇತ್ತರಿ. ಇದು ನಮ್ಮಪ್ಪನ ಕೈ. ಸಪ್ಪಳ ಕೇಳ್ರಿ ಬೇಕಾರ, ಬರಾಕತ್ತೈತಿ,” ಎಂದೆ. ಹಿಂದಿನಿಂದ ಅಪ್ಪನ ಬಂಡಿ ‘ಗಡಕ್-ಗಡ’ ಎನ್ನುತ್ತ ಬರುತ್ತಿತ್ತು.

ಬಂಡಿ ನಿಂತಿತು. ಅಪ್ಪ ಇಳಿದು, ಎತ್ತಿಟ್ಟ ಗಾಲಿ ನೋಡಿ, ನನ್ನ ಕಡೆ ತಿರುಗುವುದನ್ನೇ ಮರೆತು ನೇರ ಇವರನ್ನೇ ಕೇಳಿದ. “ಯಾಕ ನಿಂದ್ರಿಸಿದ್ರಿ? ಚಂದಾಗಿ ಮಾತಾಡಾಕತ್ತಿತ್ತಲ್ಲ.”

“ಬುದ್ಧಿ ಐತೇನ್ರಿ ಮಾವ ನಿಮಗ?” ಎಂದು ಇವರು ಎದ್ದು ನಿಂತರು.

“ನನಗೈತ್ರಿ ಅಳಿಯಂದ್ರ. ಗಾಲಿ ಅಂದ ಮ್ಯಾಲೆ ಸಡಿಲ ಇರಬೇಕು ಅನ್ನೋ ಬುದ್ಧಿ ನಿಮಗಿಲ್ಲ.”

“ನಿಮ್ಮ ಬಂಡಿ ಗಾಲಿ ಎತ್ತಿನ ನಡಿಗಿಗೆ ತಿರಗತೈತ್ರಿ. ಬರೇ ಅಚ್ಚಿನ ಮ್ಯಾಲೆ ಕುಂತಿರತೈತಿ, ಸರದಾಡಿದ್ರ ನಡೀತೈತಿ. ಇದರೊಳಗ ಉರುಳಿ ಅದಾವ್ರಿ ಉರುಳಿ. ಸಡಿಲ ಬಿಟ್ರ ಒಂದಕ್ಕೊಂದು ಹೊಡದಾಡಿ ಸಾಯತಾವ.”

“ಹೊಡದಾಡೋದು ನಿಮಗೇನ ಹೊಸದೇನ್ರಿ? ಎತ್ತು ಬೆದರಿಸಿ ಮಾವನ್ನ ತಿಪ್ಪಿಗೆ ಹಾಕಿದವರು ನೀವು.”

“ಬೇಕಂತ ಹಾಕಿದ್ನೇನ್ರಿ?”

“ಬೇಕಂತ ನಕ್ಕಿರಿ.”

ಒಬ್ಬರೂ ‘ರೀ’ ಬಿಡಲಿಲ್ಲ. ಅಷ್ಟು ಮರ್ಯಾದೆಯ ಜಗಳವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ತಿಂಗಳುಗಟ್ಟಲೆ ಒಳಗೆ ಹುದುಗಿಸಿಟ್ಟದ್ದೆಲ್ಲ ಮಸ್ಕಿ ಸಡಕಿನ ಮೇಲೆ ಹೊರಬಿತ್ತು. ಅವರಿಬ್ಬರೂ ನನ್ನನ್ನು ಬಿಟ್ಟು ನೇರ ಮಾತಾಡುತ್ತಿದ್ದಾರೆ ಎಂಬುದು ಅವರಿಗೇ ಗೊತ್ತಾಗಿರಲಿಲ್ಲ. ನಾನು ಹೇಳುವ ಗೊಡವೆಗೆ ಹೋಗಲಿಲ್ಲ. ದಂಡೆಯ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಕೇಳಿದೆ. ರೊಟ್ಟಿ ಒಂಚೂರು ಚಿಮಣಿ ಎಣ್ಣೆ ನಾರುತ್ತಿತ್ತು, ಆದರೂ ರುಚಿ ಹತ್ತಿತು.

ಇಬ್ಬರ ಗಂಟಲೂ ಒಣಗಿದ ಮೇಲೆ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ. “ಬಸುರಿ ಕುಂತ ಬಂಡಿ ಮೂಕ ಇರಬಾರದ್ರಿ. ಈಕಿ ಅವ್ವ ಊರಾಗ ಕಿವಿ ಕೊಟ್ಟುಕೊಂಡು ಕುಂತಿರ್ತಾಳ. ನನ್ನ ಗಾಲಿ ಸಪ್ಪಳ ಅಗಸ್ಯಾಗ ಕೇಳಿದ ಮ್ಯಾಲೇನ ಆಕಿ ರೊಟ್ಟಿ ಬಡಿಯೋದು. ಮೊದಲ ಬಡದಿಟ್ರ ಆರತಾವ. ಇಷ್ಟ ವರ್ಷ ಆತು, ನನಗ ಆರಿದ ರೊಟ್ಟಿ ಹಾಕಿಲ್ಲ. ಸಪ್ಪಳ ಇಲ್ಲದ ಗಾಲಿ ಬಾಗಿಲಿಗೆ ಬಂದ್ರ ಮನ್ಯಾಗಿನವರಿಗೆ ಹೆಂಗ ತಿಳೀಬೇಕು?”

ಇವರು ಪಾನಾ ಎತ್ತಿಕೊಂಡು ಮುಚ್ಚಳ ಬಿಚ್ಚತೊಡಗಿದರು. ಹೊರಗಿನ ಬೇರಿಂಗಿನ ಗ್ರೀಸೆಲ್ಲ ಕರಗಿ ಸೋರಿಹೋಗಿತ್ತು; ಗ್ರೀಸಿನ ಡಬ್ಬಿ ಸಿಂಧನೂರಿನಲ್ಲೇ ಉಳಿದಿತ್ತು. ಉರುಳೆಗಳು ಪುಣ್ಯಕ್ಕೆ ಉಳಿದಿದ್ದವು. ಅಪ್ಪ ಬಂಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಗೊಟ್ಟ ಬಿಚ್ಚಿ ತಂದು ಮುಂದಿಟ್ಟ. ಅದರಲ್ಲಿ ಕೀಲೆಣ್ಣೆ ಇತ್ತು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಬಂಡಿಯ ಅಚ್ಚಿಗೆ ಹಚ್ಚುವ ಎಣ್ಣೆ. ಇವರು ಅದನ್ನು ನೋಡಿದರು, ಅಪ್ಪನನ್ನು ನೋಡಿದರು. “ಮಸಿ ತಳಕ್ಕ ಕುಂತೈತಿ. ಮ್ಯಾಲಿನ ತಿಳಿ ಹಾಕೂಣು. ವಾಪಸು ಹೋಗುತನಕ ನಡೀತೈತಿ,” ಎಂದರು.

“ಗಾಲಿ ನಾ ತಿರವತೀನಿ, ನೀವು ಬಿಗೀರಿ,” ಎಂದ ಅಪ್ಪ.

ಅಪ್ಪ ತಿರುವಿದ, ಇವರು ಬಿಗಿದರು. “ಹಿಡ್ಯಾಕತ್ತೈತ್ರಿ,” ಎಂದ ಅಪ್ಪ. ಇವರು ಒಂಚೂರು ಹಿಂದೆ ಬಿಟ್ಟರು. ಅಪ್ಪ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದ. ಮತ್ತೆ ತಿರುವಿ ಗುಂಬಕ್ಕೆ ಕಿವಿ ಹಚ್ಚಿದ. ಬಹಳ ಹೊತ್ತು ಹಚ್ಚಿಕೊಂಡೇ ಇದ್ದ. “ಒಳಗ ಏನೋ ಅಂತೈತಿ. ಹೊರಗ ಕೇಳಂಗಿಲ್ಲ ಅಷ್ಟ,” ಎಂದ.

ಮಸ್ಕಿಯಲ್ಲಿ ನನ್ನ ಗಂಟುಗಳನ್ನು ಬಂಡಿಗೆ ಸಾಗಿಸಿದರು. ಜಗಳವಾಡಿ ಹಗುರಾದವರು ಮತ್ತೆ ಬಿಗುವಾಗಿದ್ದರು. ಈಗ ಇಬ್ಬರಿಗೂ ನಾಚಿಕೆ. ನಾನು ಇವರನ್ನು ಕೇಳಿದೆ, “ತೊಟ್ಟಿಲಕ್ಕ ಬರ್ತೀರಿ ಹೌದಲ್ಲ?”

“ಲಾರಿ ಅಗಸಿ ದಾಟಬಾರದಂತ ಹುಕುಂ ಆಗೈತಲ್ಲ,” ಎಂದರು.

ಅಪ್ಪ ಎತ್ತಿನ ಕೊರಳಿನ ಹಗ್ಗ ಸರಿಮಾಡುತ್ತಿದ್ದ, ಸರಿಯಾಗಿದ್ದ ಹಗ್ಗವನ್ನು.

ನನಗೆ ತಡೆಯಲಾಗಲಿಲ್ಲ. “ಹಡಿಯಾಕಿ ನಾನು, ಬ್ಯಾನಿ ನನಗ, ಬಿಂಕ ನಿಮ್ಮಿಬ್ಬರಿಗೆ. ನೀವು ಬರಲಿಲ್ಲಂದ್ರ ಕೂಸಿನ ಕಿವ್ಯಾಗ ಹೆಸರು ಹೇಳಾಕ ಬಿಡಂಗಿಲ್ಲ ಯಾರಿಗೂ. ಹೆಸರಿಲ್ಲದಂಗ ಬೆಳೀಲಿ,” ಎಂದು ಅತ್ತುಬಿಟ್ಟೆ. ಇಬ್ಬರೂ ನೆಲ ನೋಡಿದರು. “ನೋಡೂಣು,” ಎಂದರು ಇವರು. ಬಂಡಿ ಹೊರಟಿತು. ಲಿಂಗಸೂಗೂರು ದಾಟುವ ತನಕ ನಾನು ಅಪ್ಪನ ಜೊತೆ ಮಾತಾಡಲಿಲ್ಲ.

ಹೆಣ್ಣು ಹುಟ್ಟಿತು. ಸುದ್ದಿ ಸಿಂಧನೂರಿಗೆ ಹೋಯಿತು, ಆ ಕಡೆಯಿಂದ ಕೂಸಿಗೆ ಕುಲಾವಿ ಬಂತು, ಬರುವ ಮಾತು ಬರಲಿಲ್ಲ. ತೊಟ್ಟಿಲ ದಿನ ಬೆಳಿಗ್ಗೆಯಿಂದ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದರು. ನಾನು ಬಾಣಂತಿಕೋಣೆಯ ಕಿಟಕಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದೆ, ಕಟ್ಟಿದ ಬಟ್ಟೆಯನ್ನು ಅವ್ವ ನೋಡದಾಗ ಸರಿಸುತ್ತಿದ್ದೆ. ಹಾರನ್ನು ಕೇಳುತ್ತದೋ, ಇಂಜಿನ್ನು ಕೇಳುತ್ತದೋ ಎಂದು. ಅವ್ವ ಒಲೆಯ ಮುಂದೆ ಹಿಟ್ಟು ನಾದಿಕೊಂಡು ಕುಳಿತಿದ್ದಳು. ಹಂಚು ಕಾದಿತ್ತು. “ರೊಟ್ಟಿ ಬಡೀರಲ್ಲ, ಹೊತ್ತಾತು,” ಎಂದು ಯಾರೋ ಹೇಳಿದರು. ಅವ್ವ ಕೈ ಎತ್ತಲಿಲ್ಲ.

ಅಂಗಳದಲ್ಲಿ ಅಪ್ಪ ಹೊಸ ರುಮಾಲು ಸುತ್ತಿಕೊಂಡು ಬಂಡಿಯ ನೊಗಕ್ಕೆ ಒರಗಿ ನಿಂತಿದ್ದ. ಎತ್ತುಗಳು ಗೋದಲಿಯ ಮುಂದೆ ಮೇಯುತ್ತಿದ್ದವು.

ಆಗ ಕೇಳಿತು. ‘ಗಡಕ್-ಗಡ.’

ನಾನು ಬಂಡಿಯನ್ನು ನೋಡಿದೆ. ಬಂಡಿ ಅಂಗಳದಲ್ಲಿ, ಕಣ್ಣೆದುರಿಗೇ ನಿಂತಿದೆ, ಗಾಲಿ ಕದಲಿಲ್ಲ. ಸಪ್ಪಳ ಅಗಸಿಯ ಕಡೆಯಿಂದ ಬರುತ್ತಿತ್ತು. ಗಡಕ್-ಗಡ, ಗಡಕ್-ಗಡ, ಎತ್ತಿನ ನಡಿಗೆಯಷ್ಟು ನಿಧಾನಕ್ಕೆ. ಅಪ್ಪ ತಲೆ ಓರೆ ಮಾಡಿ ಕೇಳಿದ. ಸರಸರ ನಡೆದು ಬಾಗಿಲು ದಾಟಿ ಬೀದಿಗೆ ಹೋದ.

ಲಾರಿ ಬಂತು. ಹಾರನ್ನು ಇಲ್ಲ, ಗೊರಕೆಯೂ ಇಲ್ಲ. ಮದುಮಗಳ ಹಾಗೆ ಅಡಿ ನೋಡಿ ನೋಡಿ ಇಟ್ಟು ಬಂತು. ಅಪ್ಪ ಅದರ ಮುಂದೆ ಮುಂದೆ ನಡೆದು ದಾರಿ ತೋರಿಸುತ್ತಿದ್ದ, ದಾರಿ ಗೊತ್ತಿಲ್ಲದವರಿಗೆ ತೋರಿಸುವ ಹಾಗೆ. ಎಡಗಡೆಯ ಮುಂದಿನ ಗುಂಬದ ಮುಚ್ಚಳದ ಮೇಲೆ ಬೋಲ್ಟಿಗೆ ಸಿಕ್ಕಿಸಿದ ಕಬ್ಬಿಣದ ಬಳೆಯೊಂದು ಗಾಲಿ ತಿರುಗಿದ ಹಾಗೆ ಬಡಿಯುತ್ತಿತ್ತು.

“ಮತ್ತ ಸಡಿಲ ಮಾಡಿದ್ರೇನ್ರಿ?” ಎಂದು ಅಪ್ಪ ಬಗ್ಗಿ ನೋಡಿದ.

“ಇಲ್ರಿ ಮಾವ. ನಟ್ಟು ಬಿಗಿ ಐತಿ. ಬೇರಿಂಗು ಹೊಸ ಗ್ರೀಸಿನಾಗ ಐತಿ. ಬಳಿ ಅಗಸ್ಯಾಗ ಹಾಕೀನಿ, ಹೋಗುವಾಗ ತೆಗೀತೀನಿ,” ಎಂದರು ಇವರು. “ಮನ್ಯಾಗಿನವರಿಗೆ ತಿಳೀಬೇಕಲ್ರಿ.”

ಅಪ್ಪ ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. “ಎರಡನೇ ಪೆಟ್ಟು ಸ್ವಲ್ಪ ಜಲ್ದಿ ಬೀಳತೈತ್ರಿ. ಊಟ ಆದ ಮ್ಯಾಲೆ ಸರಿ ಮಾಡೂಣು, ಬರ್ರಿ ಒಳಗ,” ಎಂದ.

ಇವರು ಕಾಲು ತೊಳೆಯಲು ನಿಂತರು. ಅಡುಗೆಮನೆಯಲ್ಲಿ ಅವ್ವ ಆಗಲೇ ರೊಟ್ಟಿ ಬಡಿಯತೊಡಗಿದ್ದಳು.